ಶಿಯಾನಿನ ತಮ್ಮ

ರುವಾನ್ ದೆಶುನ್‌ಗೆ ಇದ್ದದ್ದು ಒಂದೇ ಆಸೆ. ಅಕ್ಟೋಬರ್ ರಜೆಯ ಏಳು ದಿನ ಅವನನ್ನು ಯಾರೂ ಎಲ್ಲಿಗೂ ಕರೆಯಬಾರದು. ನಲವತ್ತೆಂಟು ವರ್ಷದ ಮನುಷ್ಯ, ಶುವಾಂಗ್‌ಕೌ ಊರಿನ ಥರ್ಮಾಸ್ ಕಾರ್ಖಾನೆಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷದಿಂದ ಫ್ಲಾಸ್ಕಿನ ಬಿರಡೆಗಳನ್ನು ಕಾಯುತ್ತಿದ್ದವನು, ಇದಕ್ಕಿಂತ ಹೆಚ್ಚು ಕೇಳಿದ್ದರೆ ದುರಾಸೆ ಎನ್ನಬಹುದಿತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬಿದಿರಿನ ಕುರ್ಚಿ, ಬಿಸಿನೀರಿನ ಬೋಗುಣಿಯಲ್ಲಿ ಎರಡು ಪಾದ, ಕೈಗೆಟುಕುವಲ್ಲಿ ಚಹಾ. ಅವನ ಸ್ವರ್ಗಕ್ಕೆ ಇಷ್ಟು ಸಾಮಾನು ಸಾಕಿತ್ತು. ಅಂಥವನು ರಜೆಯ ಎರಡನೇ ದಿನ ಬೆಳಗಿನ ಆರೂವರೆಗೆ, ಬೆನ್ನಿಗೊಂದು ಚೀಲ ಕಟ್ಟಿಕೊಂಡು, ಶಿಯಾನ್ ರೈಲು ನಿಲ್ದಾಣದ ಹೊರಗೆ ಲಕ್ಷ ಜನರ ನಡುವೆ ನಿಂತಿದ್ದ. ಕಾರಣ, ಹನ್ನೊಂದು ವರ್ಷದ ಹಿಂದೆ ಆಡಿದ ಒಂದು ವಾಕ್ಯ.

ಆಗ ಹೊಸವರ್ಷದ ಹಬ್ಬದ ನೂಕುನುಗ್ಗಲು. ನಿಲ್ಲಲೂ ಜಾಗವಿಲ್ಲದ ರೈಲಿನಲ್ಲಿ ರುವಾನ್ ತನ್ನ ಸೀಟಿನ ಅರ್ಧವನ್ನು ಅಪರಿಚಿತನೊಬ್ಬನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಎನ್ನುವುದು ರುವಾನನ ಮಾತು. ಆ ಮನುಷ್ಯ ನಿಂತಲ್ಲೇ ನಿದ್ದೆಹೋಗಿ ಇವನ ಮೇಲೆ ಕುಸಿದದ್ದು, ಎಬ್ಬಿಸಲು ಇವನಿಗೆ ಸಂಕೋಚವಾದದ್ದು, ಇದು ನಡೆದ ಸಂಗತಿ. ಅವನ ಹೆಸರು ದಾಂಗ್ ಯೊಂಗ್‌ಕುವಾನ್, ಶಿಯಾನಿನವನು, ರುವಾನನಿಗಿಂತ ಎರಡು ವರ್ಷ ಚಿಕ್ಕವನು. ಹದಿನಾಲ್ಕು ಗಂಟೆ ಒಂದೇ ಸೀಟು, ಒಂದೇ ಪೊಟ್ಟಣದ ಕಡಲೆಕಾಯಿ, ಒಂದೇ ಫ್ಲಾಸ್ಕಿನ ಚಹಾ. ಇಳಿಯುವಾಗ ದಾಂಗ್ ಇವನ ಎರಡೂ ಕೈ ಹಿಡಿದು ಅಲ್ಲಾಡಿಸಿದ.

"ಅಣ್ಣಾ, ಶಿಯಾನ್‌ಗೆ ಬಂದು ನನ್ನನ್ನ ನೋಡ್ದೆ ಹೋದ್ಯೋ, ನಾನು ನಿನ್ನ ತಮ್ಮನೇ ಅಲ್ಲ. ರೈಲಿಳಿದ ಗಳಿಗೆಯಿಂದ ಮತ್ತೆ ರೈಲು ಹತ್ತೋವರೆಗೂ ಎಲ್ಲಾ ನನ್ನದು!"

"ನೀನು ಶುವಾಂಗ್‌ಕೌಗೆ ಬಾರೋ ತಮ್ಮಾ, ಎಲ್ಲಾ ನನ್ನದು!" ಎಂದು ರುವಾನ್ ಕಿಟಕಿಯಿಂದ ಕೂಗಿದ.

ಈ ವಾಕ್ಯವನ್ನು ನಮ್ಮ ದೇಶದಲ್ಲಿ ದಿನಕ್ಕೆ ಎಷ್ಟು ಕೋಟಿ ಸಲ ಆಡುತ್ತಾರೋ ಲೆಕ್ಕವಿಟ್ಟವರಿಲ್ಲ. ಕೇಳಿಸಿಕೊಂಡವನು "ಖಂಡಿತ, ಖಂಡಿತ" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಬಾಗಿಲು ಹಾಕುವಾಗ ಕಿರ್ರೆನ್ನುವ ಸದ್ದಿಗೆ ಎಷ್ಟು ಅರ್ಥವೋ ಅದಕ್ಕೂ ಅಷ್ಟೇ ಅರ್ಥ. ಯಾರೂ ಹೋಗುವುದಿಲ್ಲ, ಯಾರೂ ಬರುವುದಿಲ್ಲ. ಜನರ ನಡುವೆ ಇನ್ನೂ ಅಷ್ಟಿಷ್ಟು ಪ್ರೀತಿ ಉಳಿದಿರುವುದು ಬಹುಶಃ ಇದರಿಂದಲೇ.

ಆಮೇಲೊಮ್ಮೆ ದಾಂಗ್ ಒಂದು ಡಬ್ಬಿ ಒಣ ಪರ್ಸಿಮನ್ ಹಣ್ಣು ಕಳಿಸಿದ್ದ. ರುವಾನ್ ಎರಡು ಪೊಟ್ಟಣ ತಾವರೆ ಗೆಡ್ಡೆಯ ಹಿಟ್ಟು ಕಳಿಸಿದ್ದ. ಹೀಗೆ ಇಬ್ಬರ ಹತ್ತಿರವೂ ಇಬ್ಬರ ವಿಳಾಸವಿತ್ತು. ಉಳಿದಂತೆ ಹಬ್ಬಕ್ಕೊಂದು ಸಂದೇಶ, ಫೋನಿನಲ್ಲಿ ಹಾಕಿದ ಚಿತ್ರಕ್ಕೊಂದು ಹೆಬ್ಬೆರಳು. ಇಷ್ಟರಲ್ಲೇ ಎಲ್ಲ ಸುಖವಾಗಿತ್ತು.

ಕೆಟ್ಟದ್ದು ಇಸ್ಪೀಟಿನ ಮೇಜಿನ ಮೇಲೆ. ಶನಿವಾರ ಮಧ್ಯಾಹ್ನ ರುವಾನ್ ಇಬ್ಬರು ಗೆಳೆಯರೊಡನೆ ಇಸ್ಪೀಟು ಆಡುತ್ತಿದ್ದ. ಒಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು ಗೆಂಗ್. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ, ಸೀಟಿ ಇನ್ನೂ ಕೊರಳಲ್ಲೇ ಇತ್ತು. ಇನ್ನೊಬ್ಬ ಕ್ಷೌರದಂಗಡಿಯ ಪಾಂಗ್, ನೂರ ಐದು ಕಿಲೋ ತೂಗುವ ದಯಾವಂತ. ಒಬ್ಬರಿಗೆ ಮಗ ಸೇನೆಯಲ್ಲಿ, ಇನ್ನೊಬ್ಬನಿಗೆ ಭಾವಮೈದ ಪೊಲೀಸಿನಲ್ಲಿ. ರುವಾನನಿಗೆ ಯಾರೂ ಇರಲಿಲ್ಲ. ಆದ್ದರಿಂದ ಒಂದು ಶನಿವಾರ ಅವನು "ಶಿಯಾನಲ್ಲಿ ನನಗೊಬ್ಬ ತಮ್ಮ ಇದಾನೆ" ಎಂದ. ಹನ್ನೊಂದು ವರ್ಷದಲ್ಲಿ ಆ ತಮ್ಮ ಬೆಳೆದ. ಮೊದಲು ಅವನಿಗೊಂದು ಹೋಟೆಲಾಯಿತು, ಆಮೇಲೆ ಕಾರು, ಹೋದ ವರ್ಷದ ಹೊತ್ತಿಗೆ ಶಿಯಾನಿನ ಒಂದು ಬೀದಿಯ ಅರ್ಧಭಾಗ ಅವನದಾಗಿತ್ತು. ಇನ್ನರ್ಧವನ್ನು ರುವಾನ್ ಸಂಕೋಚದಿಂದ ಬೇರೆಯವರಿಗೆ ಬಿಟ್ಟಿದ್ದ.

ಸೆಪ್ಟೆಂಬರಿನಲ್ಲಿ ಗೆಂಗ್ ಮೇಷ್ಟ್ರು ಎಲೆ ಕೆಳಗಿಟ್ಟು, "ಈ ರಜಕ್ಕೆ ಶಿಯಾನ್" ಎಂದು ಘೋಷಿಸಿದರು.

"ರೂಮು ಸಿಗಲ್ಲ ಮೇಷ್ಟ್ರೇ," ಎಂದ ರುವಾನ್.

"ರೂಮ್ ಯಾಕಯ್ಯ? ಅರ್ಧ ಬೀದಿ ಇರೋ ತಮ್ಮನ್ನ ಇಟ್ಕೊಂಡು ರೂಮ್ ಮಾಡಿದ್ರೆ ಅವನ ಮುಖಕ್ಕೆ ಹೊಡೆದ ಹಾಗಲ್ವಾ? ನಾಳೆ ಅವನು 'ಅಣ್ಣಾ, ನನ್ನನ್ನ ಇಷ್ಟೇನಾ ತಿಳ್ಕೊಂಡಿದ್ದು' ಅಂದ್ರೆ ಏನ್ ಹೇಳ್ತೀಯ?"

"ಅದೂ ಸರಿ," ಎಂದ ಪಾಂಗ್. "ಕುರಿ ಮಾಂಸದ ಸಾರು ಅವರ ಹೋಟೆಲ್ಲಲ್ಲೇ ಆಗತ್ತೆ ತಾನೆ?"

ರುವಾನ್ ಆಗಲೇ ನಿಜ ಹೇಳಬಹುದಿತ್ತು. ಆದರೆ ಪಾಂಗ್‌ನ ಕ್ಷೌರದಂಗಡಿ ಎಂದರೆ ಶುವಾಂಗ್‌ಕೌನ ದಿನಪತ್ರಿಕೆ. ಅಲ್ಲಿ ಒಂದು ಸಲ ಪ್ರಕಟವಾದರೆ, ಇನ್ನು ಸಾಯುವವರೆಗೂ ತರಕಾರಿಯವಳಿಂದ ಕಾರ್ಖಾನೆಯ ಗೇಟಿನವನವರೆಗೆ ಎಲ್ಲರೂ "ತಮ್ಮ ಹೇಗಿದಾನೆ?" ಎಂದು ಕೇಳುತ್ತಾರೆ. ಊರಲ್ಲಿ ಅವನಿಗಿದ್ದ ಆಸ್ತಿ ಒಂದೇ, ಯಾರೂ ಅವನನ್ನು ನೋಡಿ ನಗುತ್ತಿರಲಿಲ್ಲ. ಅದನ್ನು ಕಳೆದುಕೊಳ್ಳುವುದು ಅವನಿಂದಾಗಲಿಲ್ಲ.

ಹೆಂಡತಿ ಫೆನ್‌ಯಿಂಗ್‌ಗೆ ಹೇಳಿದ. ಅವಳು ತಡೆಯುತ್ತಾಳೆಂಬ ಆಸೆಯಿತ್ತು.

"ಹೋಗಿ ಬನ್ನಿ," ಎಂದಳು ಅವಳು. "ಏಳು ದಿನ ಮನೇಲಿ ತೊಳೆಯೋಕೆ ಒಂದು ಬೋಗುಣಿ ಕಡಿಮೆ."

ದಾಂಗ್‌ಗೆ ಬರೆಯೋಣವೆಂದು ರುವಾನ್ ಹದಿನೇಳು ಸಲ ಫೋನೆತ್ತಿದ. "ತಮ್ಮಾ, ನಾವು ಮೂವರು ಬರ್ತಿದೀವಿ" ಎಂದು ಬರೆದು ಅಳಿಸಿದ. "ತಮ್ಮಾ, ಶಿಯಾನಲ್ಲಿ ಹವಾ ಹೇಗಿದೆ" ಎಂದು ಬರೆದು, ಅದರಲ್ಲೂ ಬೇಡಿಕೆಯ ವಾಸನೆ ಬಂದಂತಾಗಿ ಅದನ್ನೂ ಅಳಿಸಿದ. ವಿಚಿತ್ರವೆಂದರೆ, ರೈಲು ಹತ್ತಿದ ಮೇಲೆ ಆ ಕಡೆಯಿಂದಲೇ ಸಂದೇಶ ಬಂತು. "ಅಣ್ಣಾ, ರಜೆಯಲ್ಲಿ ಊರಲ್ಲೇ ಇದ್ದೀಯಾ?"

ರುವಾನ್ ಬೆವತ. ಇವನಿಗೆ ಹೇಗೋ ಸುಳಿವು ಸಿಕ್ಕಿದೆ, ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾನೆ ಎಂದುಕೊಂಡು, ತಾನೇ ಒಂದು ದಾರಿ ಮಾಡಿಕೊಟ್ಟ. "ಇಲ್ಲ ತಮ್ಮಾ, ಕೆಲಸದ ಮೇಲೆ ತುಂಬಾ ದೂರ ಹೋಗ್ತಿದೀನಿ. ನೀನು?"

"ನಾನೂ ಊರಲ್ಲಿಲ್ಲ ಅಣ್ಣಾ. ತುಂಬಾ ದೂರ."

"ಅಯ್ಯೋ, ಎಂಥ ನಷ್ಟ!"

"ಎಂಥ ನಷ್ಟ!"

ಇಬ್ಬರೂ ಒಂದೊಂದು ಅಳುವ ಮುಖ ಕಳಿಸಿಕೊಂಡು ನೆಮ್ಮದಿಯಿಂದ ಫೋನು ಮುಚ್ಚಿದರು.

ಈಗ ಶಿಯಾನ್ ನಿಲ್ದಾಣದ ಹೊರಗೆ ಗೆಂಗ್ ಮೇಷ್ಟ್ರು ಕಾಲ್ಬೆರಳ ಮೇಲೆ ನಿಂತು ಜನಸಾಗರವನ್ನು ಪರೀಕ್ಷಿಸುತ್ತಿದ್ದರು. "ಎಲ್ಲಿ ನಿನ್ನ ತಮ್ಮ? ಕಾರು ತರ್ತಾನೆ ಅಂದಿದ್ದೆ?"

'ಅವನು ಊರಲ್ಲಿಲ್ಲ' ಎಂಬ ಎರಡು ಪದ ರುವಾನನ ತುಟಿಯವರೆಗೂ ಬಂದವು. ಮೇಷ್ಟ್ರ ಕಣ್ಣು ನೋಡಿ ಹಿಂದಕ್ಕೆ ಹೋದವು. ಅವನು ಕಂಬದ ಮರೆಗೆ ಹೋಗಿ, ಫೋನನ್ನು ಕಿವಿಗಿಟ್ಟುಕೊಂಡು, ಯಾರೂ ಇಲ್ಲದ ಕಡೆಗೆ ನಾಲ್ಕು ಸಲ ತಲೆಯಾಡಿಸಿ ಬಂದ. "ಏನೋ ಅರ್ಜೆಂಟ್ ಕೆಲಸವಂತೆ ಪಾಪ. ಸಂಜೆಗೆ ಸಿಗ್ತಾನಂತೆ. ಅಲ್ಲಿವರೆಗೂ ಕೋಟೆ ಗೋಡೆ ನೋಡ್ಕೊಂಡಿರಿ ಅಂದ."

ಹೇಡಿಗಳ ಪಾಲಿಗೆ ಸಂಜೆಯಂಥ ದೊಡ್ಡ ಆಸರೆ ಇನ್ನೊಂದಿಲ್ಲ. ಬೆಳಿಗ್ಗೆ ಆರೂವರೆಯಲ್ಲಿ ನಿಂತು ನೋಡಿದರೆ ಅದು ಎಷ್ಟೋ ದೂರದ ಪರದೇಶದಂತೆ ಕಾಣುತ್ತದೆ.

ಶಿಯಾನಿನ ಕೋಟೆ ಗೋಡೆಯ ಸುತ್ತಳತೆ ಹದಿನಾಲ್ಕು ಕಿಲೋಮೀಟರು. ಉಳಿದ ಪ್ರವಾಸಿಗಳು ಮೇಲೆ ಹತ್ತಿ, ಒಂದು ಬುರುಜಿನಿಂದ ಇನ್ನೊಂದರವರೆಗೆ ನಡೆದು, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಗೆಂಗ್ ಮೇಷ್ಟ್ರು ಅಂಥವರಲ್ಲ. ಅವರ ಕೈಗಡಿಯಾರ ಹೆಜ್ಜೆ ಎಣಿಸುತ್ತಿತ್ತು. "ಸುತ್ತು ಅಂದ್ರೆ ಸುತ್ತು," ಎಂದು ಸೀಟಿ ಊದಿದರು. ಬಾಡಿಗೆಯ ರೇಷ್ಮೆ ಉಡುಪು ತೊಟ್ಟು ರಾಜಕುಮಾರಿಯರಾಗಿದ್ದ ಹುಡುಗಿಯರ ನಡುವೆ, ಅವರ ಛಾಯಾಗ್ರಾಹಕರ ಛತ್ರಿಗಳ ಕೆಳಗೆ ನುಸುಳುತ್ತ, ಮೂವರೂ ನಡೆದರು.

ಐದನೇ ಕಿಲೋಮೀಟರಿನಲ್ಲಿ ಪಾಂಗ್ ಕೇಳಿದ. "ಈ ಗೋಡೆ ಕಟ್ಟಿದ್ದು ವೈರಿಗಳು ಒಳಗೆ ಬರದೆ ಇರ್ಲಿ ಅಂತ ತಾನೆ?"

"ಹೌದು."

"ಮತ್ತೆ ನಮ್ಮನ್ನ ಯಾಕೆ ಬಿಟ್ರು?"

ಒಂಬತ್ತನೇ ಕಿಲೋಮೀಟರಿನಲ್ಲಿ ರುವಾನನ ಫೋನು ಬಾರಿಸಿತು. ಹೆಂಡತಿ. ಅವಳ ಜೊತೆ ಮಾತಾಡಿದರೆ ಅವಳು "ಎಲ್ಲಿ ಉಳ್ಕೊಂಡ್ರಿ?" ಎಂದು ಕೇಳುತ್ತಾಳೆ, ಮೇಷ್ಟ್ರ ಕಿವಿ ಇಲ್ಲೇ ಇದೆ. ರುವಾನ್ ಕರೆಯನ್ನು ಕತ್ತರಿಸಿ, ಸುಮ್ಮನಿರಲಾರದೆ, "ದಾಂಗ್ ಫೋನು," ಎಂದ. "ಇಳಿದ ಮೇಲೆ ಹಳೇ ಬೀದಿಗೆ ಹೋಗಿ ಊಟ ಮಾಡ್ಬೇಕಂತೆ."

ಈ ಉಪಾಯ ಎಷ್ಟು ಸಲೀಸಾಗಿ ಕೆಲಸ ಮಾಡಿತೆಂದರೆ ರುವಾನನಿಗೇ ಭಯವಾಯಿತು.

ಹಳೇ ಬೀದಿಯ ಹೋಟೆಲಿನಲ್ಲಿ ಒಬ್ಬೊಬ್ಬರ ಮುಂದೆಯೂ ಒಂದು ಖಾಲಿ ಬಟ್ಟಲು, ಎರಡು ಗಟ್ಟಿ ರೊಟ್ಟಿ ತಂದಿಟ್ಟರು. ರೊಟ್ಟಿಯನ್ನು ಗಿರಾಕಿಯೇ ಕೈಯಲ್ಲಿ ಕಾಳಿನಷ್ಟು ಸಣ್ಣಗೆ ಮುರಿದು ಕೊಡಬೇಕು. ಆಮೇಲೆ ಒಳಗೆ ಅದಕ್ಕೆ ಕುರಿ ಸಾರು ಹಾಕಿ ಕುದಿಸಿ ತರುತ್ತಾರೆ. ಪಾಂಗ್ ತನ್ನ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಕಳಿಸಿದ. ಬಟ್ಟಲು ಹಾಗೇ ಹಿಂದಕ್ಕೆ ಬಂತು.

"ಬಾಣಸಿಗರು ಕೇಳ್ತಿದಾರೆ," ಎಂದಳು ಬಡಿಸುವ ಹೆಂಗಸು, "ಇದು ಮನುಷ್ಯರಿಗೋ ಕುದುರೆಗೋ ಅಂತ."

ರುವಾನ್ ಮಾತ್ರ ಧ್ಯಾನಕ್ಕೆ ಕೂತವನಂತೆ ಮುರಿಯುತ್ತಿದ್ದ. ಬೆಳಗಿನಿಂದ ಮೊದಲ ಸಲ ಅವನ ಕೆಳಗೆ ಕುರ್ಚಿಯಿತ್ತು. ಈ ರೊಟ್ಟಿ ಮುಗಿಯದಿದ್ದರೆ ಸಂಜೆ ಬರುವುದಿಲ್ಲ ಎಂದು ಅವನ ಮನಸ್ಸಿನ ಯಾವುದೋ ಮೂಲೆ ನಂಬಿಬಿಟ್ಟಿತ್ತು. ಸೋಯಾ ಕಾಳಿನಷ್ಟಿದ್ದದ್ದನ್ನು ಹೆಸರುಕಾಳು ಮಾಡಿದ, ಹೆಸರುಕಾಳನ್ನು ರವೆ ಮಾಡಿದ. ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ಬಾಗಿಲಲ್ಲಿ ಕಾಯುತ್ತಿದ್ದ ಸಾಲು ಬೀದಿ ತಿರುಗಿತು.

"ಅಣ್ಣಾ," ಎಂದಳು ಬಡಿಸುವವಳು, "ಇನ್ನು ಸ್ವಲ್ಪ ಹೊತ್ತು ಬಿಟ್ರೆ ಅದು ಮತ್ತೆ ಹಿಟ್ಟಾಗತ್ತೆ. ನಾವು ಮತ್ತೆ ರೊಟ್ಟಿ ಮಾಡ್ಬೇಕಾಗತ್ತೆ."

ಅಷ್ಟರಲ್ಲಿ ಫೋನು ಎರಡು ಸಲ ಬಾರಿಸಿತ್ತು. ಮತ್ತೆ ಹೆಂಡತಿಯೇ. ಒಂದು ಕರೆಗೆ "ಗಂಟೆ ಗೋಪುರ ನೋಡ್ಬೇಕಂತೆ" ಎಂದ. ಇನ್ನೊಂದಕ್ಕೆ "ನಗಾರಿ ಗೋಪುರ ಬಿಡಬಾರದಂತೆ" ಎಂದ. ಗೋಪುರಗಳ ನಡುವೆ ನಾಲ್ಕನೇ ಕರೆ ಬಂದು ದೊಡ್ಡ ಪಗೋಡವಾಯಿತು. ಪಗೋಡದ ಹತ್ತಿರ ಐದನೆಯದು ಬಂದು ಶಾಸನಗಳ ಸಂಗ್ರಹಾಲಯವಾಯಿತು. ಅದು ಬಂದ ದಾರಿಯಲ್ಲೇ ಹಿಂದಕ್ಕೆ, ಗೋಡೆಯ ಬುಡದಲ್ಲಿತ್ತು. ರುವಾನ್ ಭೂಪಟ ನೋಡಿ ಹೇಳುತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳುತ್ತಿದ್ದ. ಮೂವರೂ ಊರನ್ನು ದಾರ ಪೋಣಿಸುವವರಂತೆ ಅತ್ತಿಂದಿತ್ತ ದಾಟಿದರು. ಒಂದು ಕಡೆ ಬೀದಿಗೆ ನೀರು ಚಿಮುಕಿಸುವ ನಗರಸಭೆಯ ಲಾರಿ ಹಾಡು ಹಾಕಿಕೊಂಡು ಬಂದು ಮೂವರ ಬೂಟನ್ನೂ ತೋಯಿಸಿ ಹೋಯಿತು.

"ನಿನ್ನ ತಮ್ಮ ನಮ್ಮನ್ನ ಬರಮಾಡ್ಕೊಳ್ತಿದಾನೋ ಗಡೀಪಾರು ಮಾಡ್ತಿದಾನೋ?" ಎಂದ ಪಾಂಗ್.

"ಊರಿನ ಅಭಿಮಾನ ಕಣೋ," ಎಂದರು ಗೆಂಗ್ ಮೇಷ್ಟ್ರು. ಆದರೆ ಅವರೂ ಸೀಟಿ ಊದುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಆರನೇ ಕರೆಗೆ ರುವಾನ್ ಏನೂ ಹೇಳಲಿಲ್ಲ. ಅವನಿಗೆ ಜಾಗಗಳ ಹೆಸರು ಮುಗಿದಿದ್ದವು.

ಸಂಜೆ ಬಂದೇ ಬಂತು. ಐದೂವರೆಗೆ ಪಾಂಗ್ ರಸ್ತೆ ಬದಿಯ ಕಲ್ಲಿನ ಅಂಚಿನ ಮೇಲೆ ಕೂತು, ಬೂಟು ಬಿಚ್ಚಿ, ಅವನ್ನು ಪಕ್ಕದಲ್ಲಿ ಜೋಡಿಸಿಟ್ಟ. ಅದು ಎದ್ದು ನಡೆಯುವವನ ಲಕ್ಷಣವಾಗಿರಲಿಲ್ಲ.

"ನನ್ನನ್ನ ಹೊತ್ಕೊಂಡು ಹೋಗಿ, ಇಲ್ಲಾ ಮನೆ ತೋರ್ಸಿ."

"ವಿಳಾಸ ಹೇಳು ರುವಾನ್," ಎಂದರು ಮೇಷ್ಟ್ರು. "ಅವನು ಬರದಿದ್ರೆ ಬೇಡ. ಅವನು ಊರಲ್ಲಿಲ್ದಿದ್ರೂ ಮನೆ ಊರಲ್ಲೇ ಇರತ್ತಲ್ಲ. ಹನ್ನೊಂದು ವರ್ಷದ ಅಣ್ಣ ಬಂದ್ರೆ ಬಾಗಿಲು ತೆಗೀದೆ ಇರ್ತಾರಾ? ಈ ಊರಲ್ಲಿ ಇವತ್ತು ಒಂದು ರೂಮು ಖಾಲಿ ಇಲ್ಲ. ನಾನು ಮಧ್ಯಾಹ್ನದಿಂದ ನೋಡ್ತಾನೇ ಇದೀನಿ."

ರುವಾನ್ ಇಬ್ಬರ ಮುಖವನ್ನೂ ನೋಡಿದ. ಪಾಂಗ್‌ನ ಕಾಲ್ಬೆರಳಲ್ಲಿ ಗುಳ್ಳೆ ಎದ್ದಿತ್ತು. ಮೇಷ್ಟ್ರು ಕಂಬಕ್ಕೆ ಒರಗಿದ್ದರು. ಮೂವತ್ತು ವರ್ಷದಲ್ಲಿ ಅವರು ಯಾವುದಕ್ಕಾದರೂ ಒರಗಿದ್ದನ್ನು ಅವನು ಕಂಡಿರಲಿಲ್ಲ. ಇನ್ನು ಹೇಳಿಬಿಡಬೇಕು ಎಂದುಕೊಂಡ. ನಗಲಿ. ಗೇಟಿನವನೂ ನಗಲಿ.

"ಮೇಷ್ಟ್ರೇ, ಆ ದಾಂಗ್ ಇದಾನಲ್ಲ..."

ಫೋನು ಏಳನೇ ಸಲ ಬಾರಿಸಿತು.

"ಅವನೇ ತಾನೆ?" ಮೇಷ್ಟ್ರು ಕೈಚಾಚಿ ಫೋನನ್ನು ಕಿತ್ತುಕೊಂಡರು. "ಕೊಡಿಲ್ಲಿ. ಇನ್ನೊಂದು ಗೋಪುರದ ಹೆಸರು ಹೇಳ್ಲಿ, ನೋಡ್ಕೋತೀನಿ." ಕನ್ನಡಕ ಚೀಲದೊಳಗಿತ್ತು, ಪರದೆಯ ಮೇಲಿನ ಹೆಸರು ಅವರಿಗೆ ಕಾಣಲಿಲ್ಲ. "ಹಲೋ! ದಾಂಗ್ ಅವರೇನು?"

ರುವಾನ್ ಕಣ್ಣು ಮುಚ್ಚಿದ. ಫೆನ್‌ಯಿಂಗ್‌ಳ ದನಿ ಫೋನಿಲ್ಲದೆಯೂ ಎರಡು ಬೀದಿ ದಾಟುವಂಥದು.

"ಹೌದು ಹೌದು! ನಾನು ದಾಂಗೇ ಮಾತಾಡ್ತಿರೋದು!" ಎಂದಿತು ಫೋನಿನೊಳಗಿಂದ ಒಂದು ಗಂಡುದನಿ.

ರುವಾನ್ ಕಣ್ಣು ತೆರೆದ. ಸುಳ್ಳು ಹೇಳಿ ಹೇಳಿ ಅಭ್ಯಾಸವಾದವನಿಗೆ ಅದು ನಿಜವಾದಾಗ ಆಗುವ ಭಯ ಬಹಳ ದೊಡ್ಡದು. ಅವನೂ ಪಾಂಗ್‌ನ ಪಕ್ಕ ಕೂತ.

"ಸ್ವಾಮಿ, ನಿಮ್ಮ ಅಣ್ಣ ಇಲ್ಲಿ ಶಿಯಾನಲ್ಲಿ ಬೆಳಗ್ಗೆಯಿಂದ ನಿಮಗೆ ಕಾದಿದಾನೆ. ನೀವೆಲ್ಲಿದೀರಿ?" ಎಂದರು ಮೇಷ್ಟ್ರು.

ಆ ಕಡೆಯಿಂದ ಮಾತು ಹರಿದು ಬಂತು, ಬಹಳ ಹೊತ್ತು ಹರಿಯಿತು. ಮೇಷ್ಟ್ರ ಮುಖ ಮಾತ್ರ ಪರೀಕ್ಷೆಯ ಹಾಲಿನಲ್ಲಿ ಅಡ್ಡಾಡುವಾಗಿನಂತೆ, ಏನೂ ತೋರಿಸದೆ, ನಿಂತಲ್ಲೇ ನಿಂತಿತ್ತು. "ಹೂಂ," ಎಂದರು. "ಹೂಂ. ಆರನೇ ಮಹಡಿ. ಹೂಂ. ಆಯ್ತು." ಫೋನಿಟ್ಟರು.

"ನಿನ್ನ ತಮ್ಮ," ಎಂದರು ನಿಧಾನವಾಗಿ, "ಶುವಾಂಗ್‌ಕೌನಲ್ಲಿದಾನೆ. ನಿನ್ನ ಮನೇಲಿ."

"ಆಂ?"

"ಶಿಯಾನಲ್ಲಿ ಜನ ಜಾಸ್ತಿ, ರಜಕ್ಕೆ ಯಾವ್ದಾದ್ರೂ ಸಣ್ಣ ಊರಿಗೆ ಹೋಗೋಣ ಅಂತ ಅವನ ಗೆಳೆಯರು ಹೊರಡಿಸಿದ್ರಂತೆ. ರೂಮ್ ಮಾಡ್ಲಿಲ್ವಂತೆ. ಥರ್ಮಾಸ್ ಕಾರ್ಖಾನೆ ಡೈರೆಕ್ಟರು ಅಣ್ಣ ಇರುವಾಗ ರೂಮ್ ಯಾಕೆ ಅಂತ." ಮೇಷ್ಟ್ರು ಉಸಿರೆಳೆದುಕೊಂಡರು. "ನೀನು ಡೈರೆಕ್ಟರಂತೆ. ಮೂರು ಸಾವಿರ ಜನ ನಿನ್ನ ಕೈಕೆಳಗಂತೆ. ಮನೆ ಮುಂದೆ ತಾವರೆ ಕೊಳ ಅಂತೆ."

ಪಾಂಗ್ ಬೂಟು ಹಾಕಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿ ಬಾಯಿ ತೆರೆದ. ಮೇಷ್ಟ್ರು ಕೈಯೆತ್ತಿ ತಡೆದರು. "ಮನೇಲಿ ಅವರಪ್ಪ ಇದಾರಂತೆ. ನಡೀರಿ."

ಬಸ್ಸು ಕೊನೆಯ ನಿಲ್ದಾಣದ ಹತ್ತಿರ ಬಂದಾಗ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಕೇಳಿದರು. "ಬೆಳಗ್ಗೆಯಿಂದ ಆರು ಸಲ ಫೋನ್ ಮಾಡಿದ್ದೂ ಅವನೇನಾ?"

ರುವಾನ್ ತನ್ನ ಒದ್ದೆ ಬೂಟು ನೋಡಿಕೊಂಡ.

"ಮೂವತ್ತೊಂಬತ್ತು ಸಾವಿರ ಹೆಜ್ಜೆ," ಎಂದರು ಮೇಷ್ಟ್ರು. ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ರುವಾನನಿಗೆ.

ಹಳೆಯ ಕಾರ್ಮಿಕರ ವಸತಿ, ಲಿಫ್ಟಿಲ್ಲದ ಆರು ಮಹಡಿ. ಒಂದೊಂದು ಮೆಟ್ಟಿಲೂ ರುವಾನನನ್ನು ವಿಚಾರಣೆಗೆ ಕರೆದುಕೊಂಡು ಹೋಗುತ್ತಿತ್ತು. ಬಾಗಿಲು ತೆರೆದವನು ಎಂಬತ್ತರ ಮುದುಕ. ಕೈಯಲ್ಲೊಂದು ಸಣ್ಣ ರೇಡಿಯೋ ಒದರುತ್ತಿತ್ತು. ಅವನು ಮೂವರನ್ನೂ ನೋಡಿ, ರೇಡಿಯೋವನ್ನು ದುಃಖದಿಂದ ಆರಿಸಿದ.

"ಏಳು ದಿನ ಮನೇಲಿ ಯಾರೂ ಇರ್ಬಾರ್ದು ಅಂತ ಮಗನ್ನ, ಸೊಸೇನ, ಎಲ್ಲರನ್ನೂ ಓಡ್ಸಿದ್ದೆ," ಎಂದ. "ಒಂದೇ ಒಂದು ದಿನ ಸುಖವಾಗಿದ್ದೆ. ಬನ್ನಿ."

ಎದುರುಮನೆಯ ಬಾಗಿಲು ಕೂಡಲೇ ತೆರೆಯಿತು. ದಪ್ಪ ಕನ್ನಡಕದ ಹೆಂಗಸೊಬ್ಬಳು, ಕೈಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ, ಹೊಸ್ತಿಲಲ್ಲಿ ನಿಂತಳು.

"ಯಾರು ದಾಂಗಪ್ಪಾ? ನಿಮ್ಮ ಮಗ ಹೇಳ್ತಿದ್ನಲ್ಲ, ಆ ಡೈರೆಕ್ಟರಾ?" ಅವಳ ನೋಟ ರುವಾನನ ಬೂಟಿನಿಂದ ಹೊರಟು, ಮಂಡಿಯ ಧೂಳು ದಾಟಿ, ಕೊರಳಿಗೆ ನೇತುಹಾಕಿಕೊಂಡಿದ್ದ ಚಹಾ ಫ್ಲಾಸ್ಕಿನವರೆಗೆ ಬಂತು. "ಇವರಾ? ಡೈರೆಕ್ಟರು ಅಂದ್ರೆ ಕಾರಲ್ಲಿ ಬರಲ್ವಾ?"

ಪಾಂಗ್ ಗೋಡೆ ನೋಡಿದ. ರುವಾನ್ ಗೆಂಗ್ ಮೇಷ್ಟ್ರನ್ನು ನೋಡಿದ. ಮೂವತ್ತೊಂಬತ್ತು ಸಾವಿರ ಹೆಜ್ಜೆಗೆ ಒಂದೇ ಮಾತಿನಲ್ಲಿ ಸೇಡು ತೀರಿಸಿಕೊಳ್ಳುವ ಗಳಿಗೆ ಅದು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿದರು.

"ಅಮ್ಮಾ," ಎಂದರು ಶಾಲೆಯ ಮೈದಾನದ ದನಿಯಲ್ಲಿ, "ನಮ್ಮ ಡೈರೆಕ್ಟರ ಸರಳತೆ ನಿಮಗೆ ಗೊತ್ತಿಲ್ಲ. ಮೂರು ಕಾರಿದೆ. ಹತ್ತಲ್ಲ. ಇವತ್ತು ಜನರ ಕಷ್ಟ ತಿಳ್ಕೋಬೇಕು ಅಂತ ಮೂವತ್ತೊಂಬತ್ತು ಸಾವಿರ ಹೆಜ್ಜೆ ನಡೆದ್ರು. ನಾವು ಅವರ ಸಿಬ್ಬಂದಿ. ನಾನು ವ್ಯಾಯಾಮ ವಿಭಾಗ."

"ನಾನು ಅವರ ಸ್ವಂತ ಕ್ಷೌರಿಕ," ಎಂದ ಪಾಂಗ್. "ಬೇರೆಯವರ ಕೈಲಿ ಅವರು ತಲೆ ಕೊಡಲ್ಲ."

ಬೆಳ್ಳುಳ್ಳಿ ಕೆಳಗೆ ಬಿತ್ತು. ಹೆಂಗಸು ಒಳಗೆ ಓಡಿಹೋಗಿ ಒಂದು ತಟ್ಟೆ ತುಂಬ ಹಬೆಯಲ್ಲಿ ಬೇಯಿಸಿದ ಬನ್ನು ತಂದಿಟ್ಟು, ಗೌರವದಿಂದ ಹಿಂದೆ ಹಿಂದೆ ನಡೆದು ಬಾಗಿಲು ಹಾಕಿಕೊಂಡಳು.

ರುವಾನ್ ಏನೋ ಹೇಳಲು ಬಾಯಿ ತೆರೆದ. "ಬಾಯ್ಮುಚ್ಕೊಂಡು ಒಳಗೆ ಹೋಗಿ ಡೈರೆಕ್ಟರೇ," ಎಂದರು ಮೇಷ್ಟ್ರು. "ನನ್ನ ಕಾಲು ಬಿದ್ದೋಗ್ತಿದೆ."

ಒಳಗೆ ಮುದುಕ ಕೇಳದೆಯೇ ನೀರು ಕಾಯಿಸಲಿಟ್ಟಿದ್ದ. ಮೂರು ಬೋಗುಣಿ ಸಾಲಾಗಿ ಇಟ್ಟ. ರುವಾನ್ ಕಾಲನ್ನು ಬಿಸಿನೀರಿಗೆ ಇಳಿಸಿದಾಗ ಅವನ ಬಾಯಿಂದ ಬಂದ ಸದ್ದಿಗೆ ಮುದುಕ ತಲೆದೂಗಿದ.

"ನೀನು ಡೈರೆಕ್ಟರಲ್ಲ ಅಲ್ವಾ?"

"ಅಲ್ಲ. ಉಗ್ರಾಣದಲ್ಲಿ ಬಿರಡೆ ನೋಡ್ಕೋತೀನಿ."

"ಬೂಟು ಅಷ್ಟು ಬೇಗ ಬಿಚ್ಚಿದಾಗಲೇ ತಿಳೀತು. ನನ್ನ ಮಗ ಏನು ಅಂತ ನೀನು ನಿನ್ನ ಊರಲ್ಲಿ ಹೇಳಿದೀಯ?"

"ಒಂದು ಬೀದೀಲಿ ಅರ್ಧ ಅವನದು ಅಂತ."

ಮುದುಕ ಯೋಚಿಸಿದ. "ಬೀದಿಗೆ ನೀರು ಹೊಡಿಯೋ ಲಾರಿ ಓಡಿಸ್ತಾನೆ. ಎಡಗಡೆ ಅವನದು, ಬಲಗಡೆ ಇನ್ನೊಬ್ಬನದು. ನೀನು ಹೇಳಿದ್ದು ಅಷ್ಟೇನೂ ತಪ್ಪಲ್ಲ."

ಫೋನು ಎಂಟನೇ ಸಲ ಬಾರಿಸಿತು. ಈ ಸಲ ರುವಾನ್ ಎತ್ತಿದ. ಫೆನ್‌ಯಿಂಗ್ ಪಿಸುಮಾತಿನಲ್ಲಿದ್ದಳು. ಅವಳು ಪಿಸುಗುಡುವುದನ್ನು ಅವನು ಮದುವೆಯಾದ ಮೇಲೆ ಕೇಳಿದ್ದು ಇದೇ ಮೊದಲು.

"ಬಾಲ್ಕನಿಯಿಂದ ಮಾತಾಡ್ತಿದೀನಿ. ನಾಲ್ಕು ಜನ ಬಂದಿದಾರೆ. ಬೆಳಗ್ಗೆಯಿಂದ ಫೋನ್ ಮಾಡ್ತಿದೀನಿ, ನೀವೇನು ಸತ್ತಿದ್ರಾ? 'ಅತ್ತಿಗೇ, ತಾವರೆ ಕೊಳ ಎಲ್ಲಿ' ಅಂತ ಕೇಳಿದ್ರು."

"ನೀನೇನ್ ಹೇಳ್ದೆ?" ಎಂದ ರುವಾನ್.

"ಏನ್ ಹೇಳ್ಲಿ? ಈ ವಾರ ಹೂಳೆತ್ತೋಕೆ ನೀರು ಖಾಲಿ ಮಾಡ್ಸಿದೀವಿ ಅಂದೆ. ಮೂರನೇ ಮಹಡೀಲಿ ನಿಂತ್ಕೊಂಡು. ನಂಬಿದ್ರು. ದೊಡ್ಡ ಬಂಗಲೆ ಯಾಕಿಲ್ಲ ಅಂದ್ರು, ಡೈರೆಕ್ಟರು ಸರಳ ಮನುಷ್ಯ ಅಂದೆ."

ರುವಾನ್ ಒದ್ದೆಗಣ್ಣಿನಿಂದ ಗೆಳೆಯರ ಕಡೆ ತಿರುಗಿದ. "ಫೆನ್‌ಯಿಂಗ್..."

"ಮನೆಗೆ ಬನ್ನಿ. ಆ ಕೊಳಕ್ಕೆ ನೀರು ತುಂಬ್ಸಿ ನಿಮ್ಮನ್ನ ಅದರಲ್ಲೇ ಮುಳುಗಿಸ್ತೀನಿ. ಬಾತುಕೋಳಿ ಒಲೆ ಮೇಲಿದೆ, ಇಡ್ತೀನಿ. ತಡೀರಿ, ನಿಮ್ಮ ತಮ್ಮ ಮಾತಾಡ್ಬೇಕಂತೆ."

ಹನ್ನೊಂದು ವರ್ಷದ ಮೇಲೆ ಅಣ್ಣತಮ್ಮಂದಿರು ಮೊದಲ ಸಲ ಮಾತಾಡಿದರು. ಒಬ್ಬರ ದನಿ ಒಬ್ಬರಿಗೆ ಗುರುತು ಸಿಗಲಿಲ್ಲ.

"ಅಣ್ಣಾ, ನೀನು ಊರಲ್ಲಿಲ್ಲ ಅಂದಿದ್ದೆ."

"ಇರಲಿಲ್ವಲ್ಲ. ನೀನೂ ಅಂದಿದ್ದೆ."

"ನಾನೂ ಇರಲಿಲ್ಲ."

ತಾವು ಸುಳ್ಳು ಹೇಳದೆ ಸಿಕ್ಕಿಬಿದ್ದದ್ದು ಇದೊಂದೇ ಸಲ ಎಂಬುದು ಇಬ್ಬರಿಗೂ ಹೊಳೆದಿತ್ತು.

"ನನ್ನ ಗೆಳೆಯರು ಕೇಳಿಸ್ಕೊಳ್ತಿದಾರೆ ಡೈರೆಕ್ಟರೇ," ಎಂದ ದಾಂಗ್ ದೊಡ್ಡ ದನಿಯಲ್ಲಿ. ಆಮೇಲೆ ಸಣ್ಣಗೆ, "ಅತ್ತಿಗೆ ದೇವತೆ ಅಣ್ಣಾ."

"ನಿಮ್ಮಪ್ಪನೂ ಕಣೋ. ಕಾಲಿಗೆ ಬಿಸಿನೀರು ಕೊಟ್ಟಿದಾರೆ."

"ಕಾಲಿಗೇನು! ನನ್ನ ಮನೆ ನಿನ್ನ ಮನೆ. ದೊಡ್ಡ ಮಂಚದಲ್ಲಿ ನೀನೇ ಮಲಗ್ಬೇಕು. ಅಪ್ಪಂಗೆ ಹೇಳು, ಕಪಾಟಲ್ಲಿರೋ ಒಳ್ಳೇ ಚಹಾ ತೆಗೀಲಿ!"

"ನೀನೂ ಸಂಕೋಚ ಪಟ್ಕೋಬೇಡ. ಇನ್ನೊಂದು ಬಾತುಕೋಳಿ ಬೇಯಿಸು ಅಂತ ಹೇಳು ಅವಳಿಗೆ!"

ಆ ಕಡೆ ಒಂದು ಪಾತ್ರೆ ಜೋರಾಗಿ ಒಲೆಯ ಮೇಲೆ ಕುಕ್ಕಿದ ಸದ್ದಾಯಿತು. ಈ ಕಡೆ ಮುದುಕ, "ಒಳ್ಳೇ ಚಹಾ ನಾನು ಕುಡಿದಾಯ್ತು," ಎಂದ.

ಪಾಂಗ್ ಎರಡನೇ ಬನ್ನು ಮುಗಿಸಿ, ಬೋಗುಣಿಯಲ್ಲಿ ಕಾಲಿಟ್ಟುಕೊಂಡೇ, ಮುದುಕನ ತಲೆಯನ್ನು ವೃತ್ತಿಯ ಕಣ್ಣಿನಿಂದ ಅಳೆಯುತ್ತಿದ್ದ. ಮೇಷ್ಟ್ರು ಕೈಗಡಿಯಾರ ಬಿಚ್ಚಿ, ಹೆಜ್ಜೆ ಎಣಿಸುವ ಗುಂಡಿಯನ್ನು ಆರಿಸಿ, ಜೇಬಿಗೆ ಹಾಕಿಕೊಂಡರು. ಕಿಟಕಿಯ ಆಚೆ ಎಲ್ಲೋ ನೀರಿನ ಲಾರಿಯೊಂದು ಹಾಡುತ್ತ ಹೋಯಿತು. ರುವಾನನಿಗೆ ತನ್ನ ಬಾಲ್ಕನಿ ನೆನಪಾಯಿತು. ಅದೇ ಬಿಸಿನೀರು, ಅದೇ ಪಾದ. ಈಗ ಆ ಬಿದಿರಿನ ಕುರ್ಚಿಯಲ್ಲಿ ದಾಂಗ್ ಕೂತಿರುತ್ತಾನೆ. ಕೂರಲಿ ಎನ್ನಿಸಿತು. ಸೀಟಿನ ಅರ್ಧ ಕೊಟ್ಟವನು, ಕುರ್ಚಿ ಪೂರ್ತಿ ಕೊಟ್ಟರೆ ಏನಾಯಿತು.

"ಸರಿ ಅಣ್ಣಾ, ಇಡ್ಲಾ?" ಎಂದ ದಾಂಗ್. ಅವನ ದನಿ ಇದ್ದಕ್ಕಿದ್ದಂತೆ ಏರಿತು, ರೈಲಿನ ಕಿಟಕಿಯಲ್ಲಿ ಅವತ್ತು ಏರಿದಂತೆಯೇ. "ಆದ್ರೆ ಒಂದ್ ಮಾತು. ಇನ್ನೊಂದ್ ಸಲ ನೀನು ಶಿಯಾನ್‌ಗೆ ಬಂದಾಗ, ರೈಲಿಳಿದ ಗಳಿಗೆಯಿಂದ..."

"ನೀನೂ ಅಷ್ಟೇ ತಮ್ಮಾ! ಶುವಾಂಗ್‌ಕೌಗೆ ಬಂದಾಗ ಎಲ್ಲಾ ನನ್..."

ಗೆಂಗ್ ಮೇಷ್ಟ್ರು ಒದ್ದೆಗಾಲಿನಲ್ಲೇ ಹಾರಿದರು. ಪಾಂಗ್ ಕೂಡ ಹಾರಿದ, ನೂರ ಐದು ಕಿಲೋವೂ. ಒಂದು ಬೋಗುಣಿ ಮಗುಚಿ ಬಿದ್ದು ಬಿಸಿನೀರು ಕೋಣೆ ತುಂಬ ಹರಿಯಿತು. ಆ ಕಡೆಯೂ ಏನೋ ಉರುಳಿ ಬಿದ್ದ ಸದ್ದು, ಫೆನ್‌ಯಿಂಗ್‌ಳ ಒಂದು ಚೀತ್ಕಾರ, ಆಮೇಲೆ ಕರೆ ಕಡಿಯಿತು. ಫೋನನ್ನು ಮೊದಲು ಕಿತ್ತುಕೊಂಡವರು ಯಾರು ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ.

ಮುದುಕ ಮಂಚದ ಮೇಲೆ ಕಾಲೆತ್ತಿಟ್ಟುಕೊಂಡು, ಹರಿದು ಬರುತ್ತಿದ್ದ ನೀರನ್ನು ನೋಡಿ, ರೇಡಿಯೋ ಹಾಕಿದ.